ಉಸಿರುಗಳ್ಳಿ

ಆಟದಲ್ಲಿ ಸತ್ತವರು ಎದ್ದು ಹೋಗಿ ಚಹಾ ಕುಡಿಯುತ್ತಿದ್ದರು. ಆಟದ ಸುಖ ಇದ್ದದ್ದೇ ಅಲ್ಲಿ. ಒಬ್ಬನ ಕುತ್ತಿಗೆ ಮುರಿದು, ಇನ್ನೊಬ್ಬಳನ್ನು ನೌಕೆಯ ಬಾಗಿಲಾಚೆ ನೂಕಿ, ಗಾಳಿಯಿಲ್ಲದ ಕತ್ತಲಲ್ಲಿ ಅವಳು ಮೀನಿನಂತೆ ಬಾಯಿ ತೆರೆದು ಮುಚ್ಚುವುದನ್ನು ನೋಡಿ ಕೇಕೆ ಹಾಕಿ, ಆಮೇಲೆ ಟೋಪಿ ಕಳಚಿಟ್ಟು ಅವಳ ಪಕ್ಕದಲ್ಲೇ ಕೂತು, "ಚಂದ ಸತ್ತಿ ಬಿಡವ್ವಾ ಇವತ್ತ" ಎನ್ನಬಹುದಿತ್ತು.

ಕರಿಬಂಡೆಯಲ್ಲಿ ಬೇರೆ ಸುಖ ಇರಲಿಲ್ಲ. ಮಂಗಳಕ್ಕೂ ಗುರುವಿಗೂ ನಡುವೆ ತೇಲುವ ಆ ಬಂಡೆಯ ಹೊಟ್ಟೆ ಕೊರೆದು, ತಳದಲ್ಲಿ ಗಣಿ, ಗಣಿಯ ಮೇಲೆ ಕೂಲಿಯವರ ಕೋಣೆಗಳು, ಅವುಗಳ ನೆತ್ತಿಯ ಮೇಲೆ ನಿಯಂತ್ರಣ ಕೊಠಡಿ ಮತ್ತು ಅಧಿಕಾರಿಗಳ ಮನೆಗಳು ಎಂದು ಕಂಪನಿ ಅಂತಸ್ತು ಮಾಡಿತ್ತು. ಕೂಲಿಯವರು ರಾಯಚೂರು ಸೀಮೆಯಲ್ಲಿ ಗಣಿಗೆ ಇಳಿಯುತ್ತಿದ್ದವರ ಮರಿಮಕ್ಕಳು. ಭೂಮಿಯ ಮೇಲೆ ಊರ ಹೊರಗಿದ್ದವರನ್ನು ಕಂಪನಿ ಭೂಮಿಯ ಹೊರಗೇ ತಂದಿಟ್ಟಿತ್ತು. ಇಲ್ಲಿ ಗಾಳಿಯೂ ಯಂತ್ರದ್ದೇ. ಜನ ಉಸಿರಾಡಿ ಬಿಟ್ಟ ಕೆಟ್ಟ ಗಾಳಿಯನ್ನು ದೊಡ್ಡ ದೊಡ್ಡ ಪೀಪಾಯಿಗಳು ಎಳೆದುಕೊಂಡು, ಒಳಗಿನ ಪುಡಿಯಲ್ಲಿ ತೊಳೆದು, ಕೊಳವೆಗಳಲ್ಲಿ ಮತ್ತೆ ಕಳಿಸುತ್ತಿದ್ದವು. ಪುಡಿ ಸತ್ತರೆ ಗಾಳಿ ಸತ್ತಂತೆ. ಮೊದಲು ತಲೆ ಸಿಡಿಯುತ್ತದೆ, ಆಮೇಲೆ ಮಂಪರು, ಆಮೇಲೆ ಎಚ್ಚರವೇ ಇಲ್ಲ.

ಗವಿಯಾಟವೆಂಬ ಆ ಆಟವನ್ನು ಕೊಟ್ಟದ್ದೂ ಕಂಪನಿಯೇ. ಪಾಳಿ ಮುಗಿಸಿ ಬಂದವರು ಆಟದ ಮನೆಯಲ್ಲಿ ಟೋಪಿ ಹಾಕಿಕೊಂಡು ಕೂರಬೇಕು. ಒಬ್ಬ ನಾವಿಕ, ಒಬ್ಬಳು ವೈದ್ಯೆ, ಒಬ್ಬ ದಂಡನಾಯಕ, ಹೀಗೆ ಒಬ್ಬೊಬ್ಬರದು ಒಂದೊಂದು ಪಾತ್ರ. ಆಟದ ಯಜಮಾನ ಬಾಯಲ್ಲಿ ಕಥೆ ಹೇಳಿದರೆ ಯಂತ್ರ ಅದನ್ನು ಕಣ್ಣ ಮುಂದೆ ಕಟ್ಟುತ್ತಿತ್ತು. ಕಟ್ಟುತ್ತಲೇ ಎಲ್ಲರ ಎದೆಬಡಿತ ಕೇಳಿಸಿಕೊಳ್ಳುತ್ತಿತ್ತು. ಯಾವ ಮಾತಿಗೆ ಎದೆ ಜೋರಾಗಿ ಬಡಿಯಿತೋ ಆ ಮಾತನ್ನು ಬೆಳೆಸುವುದು, ಬಡಿಯದಿದ್ದರೆ ಕೈಬಿಡುವುದು. ಅದಕ್ಕಿದ್ದ ಬುದ್ಧಿ ಅಷ್ಟೇ. ಹೀಗಾಗಿ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ನೌಕೆಯ ಕಥೆಯಲ್ಲಿ ಯಾರಿಗೂ ನಕ್ಷತ್ರ ಬೇಡವಾಯಿತು, ದೆವ್ವ ಬೇಕಾಯಿತು. ನೌಕೆಯಲ್ಲಿ ಸಿಳ್ಳೆ ಹಾಕಬಾರದು, ಹಾಕಿದರೆ ಗೋಡೆ ಬಿರಿಯುತ್ತದೆ. ಸತ್ತವನ ಹೆಸರನ್ನು ಬಾಗಿಲ ಬಳಿ ಕರೆಯಬಾರದು, ಕರೆದರೆ ಹೊರಗಿನಿಂದ ತಟ್ಟುತ್ತಾನೆ. ಟೋಪಿ ಕಳಚಿದ ಮೇಲೂ ಜನ ಸಿಳ್ಳೆ ಹಾಕುವುದನ್ನು ಬಿಟ್ಟರು. ನಿಜವಾದ ಬಾಗಿಲ ಬಳಿ ನಿಜವಾದ ಸತ್ತವರ ಹೆಸರೂ ನಿಂತುಹೋಯಿತು.

ಒಂದು ದಿನ ಆಟದ ನಡುವೆ ಯಾವನೋ, "ನನ್ನ ಟ್ಯಾಂಕಿನ ಗಾಳಿ ಯಾರೋ ಕದಿಯಾಕತ್ತಾರ" ಎಂದ. ಕೂತಿದ್ದ ಅಷ್ಟೂ ಎದೆಗಳು ಒಟ್ಟಿಗೆ ಬಡಿದವು. ಬಡಿಯದೆ ಏನು? ಹೊರಗೆ ಅವರ ಮಕ್ಕಳು ತಲೆನೋವೆಂದು ಹೊರಳಾಡುತ್ತಿದ್ದರು. ಯಂತ್ರ ಆ ಮಾತನ್ನು ಹಿಡಿದುಕೊಂಡು ಮುಖವಿಲ್ಲದ ಒಬ್ಬ ಹೆಂಗಸನ್ನು ಕಡೆಯಿತು. ಅವಳಿಗೆ ಆಟಗಾರರೇ ಹೆಸರಿಟ್ಟರು. ಉಸಿರುಗಳ್ಳಿ.

ಆಟದ ಯಜಮಾನ ಮೌನೇಶ. ಬಂಡೆ ಬಿದ್ದು ಕಾಲು ಜಜ್ಜಿಹೋದ ಮೇಲೆ ಗಣಿಗೆ ಇಳಿಯಲಾಗದೆ ಆಟದ ಮನೆಗೆ ಬಂದವನು. ಮಾತುಗಾರ. ಉಸಿರುಗಳ್ಳಿಯ ಸುದ್ದಿ ಮೇಲಂತಸ್ತು ಮುಟ್ಟಿದಾಗ ಮುಖ್ಯ ಎಂಜಿನಿಯರ್ ನಿರಂಜನ ಅವನನ್ನು ನಿಯಂತ್ರಣ ಕೊಠಡಿಗೆ ಕರೆಸಿದ.

"ಬಾ ಮೌನೇಶ, ಕೂತ್ಕೋ."

ಮೌನೇಶ ಕುರ್ಚಿಯನ್ನೇ ನೋಡಿದ. ಈ ಅಂತಸ್ತಿನಲ್ಲಿ ಅವನಿಗೆ ಯಾರೂ ಕುರ್ಚಿ ತೋರಿಸಿರಲಿಲ್ಲ. ಕೂತ. ಮೆಟ್ಟಿಲು ಹತ್ತುವಾಗ ಸಿಡಿಯುತ್ತಿದ್ದ ತಲೆ ಇಲ್ಲಿ ತಣ್ಣಗಾಗಿತ್ತು. ಯಾಕೆಂದು ಅವನು ಕೇಳಲಿಲ್ಲ.

"ನಿನ್ನ ಆಟ ಭಾರಿ ಚೆನ್ನಾಗಿ ನಡೀತಿದೆಯಂತೆ. ಪೀಪಾಯಿ ಬದಲಿಸಿ, ಪುಡಿ ಬದಲಿಸಿ ಅಂತ ದಿನಾ ಬಂದು ಬಾಗಿಲು ಬಡೀತಿದ್ದೋರು ಈಗ ಈ ಕಡೆ ತಲೇನೇ ಹಾಕ್ತಿಲ್ಲ. ಸಿಟ್ಟೆಲ್ಲ ಅಲ್ಲೇ ಖಾಲಿ ಆಗ್ತಿದೆ. ಒಳ್ಳೇದಲ್ವಾ?"

"ನಮ್ಮಕ್ಕ ಒಬ್ಬಾಕಿ ಬಡಿತಾಳ್ರಿ ಇನ್ನೂ" ಎಂದು ಮೌನೇಶ ನಕ್ಕ.

"ಹುಲಿಗೆವ್ವ ತಾನೇ? ಗೊತ್ತು." ನಿರಂಜನನೂ ನಕ್ಕ. "ಒಂದೇ ಕೊರತೆ ನೋಡು. ನಿನ್ನ ಕಳ್ಳಿಗೆ ಮುಖ ಇಲ್ಲ. ಜನ ಎಷ್ಟು ದಿನ ಅಂತ ಗಾಳೀನ ಗುದ್ತಾರೆ? ಬೇಜಾರಾಗುತ್ತೆ. ಕಂಡ ತಕ್ಷಣ 'ಇವಳೇ' ಅನ್ನೋ ಹಾಗೆ ಏನಾದರೂ ಗುರುತು ಕೊಡು."

ಗುರುತು ಹುಡುಕಲು ಮೌನೇಶ ದೂರ ಹೋಗಬೇಕಾಗಿರಲಿಲ್ಲ. ಹೆದರಿಕೆ ಹುಟ್ಟಿಸಲು ಕಣ್ಣಾರೆ ಕಂಡದ್ದೇ ಬೇಕು ಎಂಬುದು ಅವನ ಕಸುಬಿನ ಪಾಠ. ಅವನು ಕಂಡದ್ದು ಗಣಿಯಲ್ಲಿ ತಾಯಿಯ ಸಾವು, ಅವಳ ಪಕ್ಕ ಮೊಣಕಾಲೂರಿದ ಅಕ್ಕ. ಸಾಯುವವರ ಬಾಯಿಗೆ ನೀರು ಬಿಡುವುದು ಅವರ ಹಿರಿಯರ ಪದ್ಧತಿ. ಗಣಿಯಲ್ಲಿ, ಗಾಳಿಯಿಲ್ಲದ ಸುರಂಗದಲ್ಲಿ, ಉಡುಪಿನೊಳಗೆ ಸೀಲಾಗಿ ಸತ್ತವರ ಬಾಯಿಗೆ ನೀರು ಬಿಡುವುದು ಹೇಗೆ? ಮೊದಲ ತಂಡದವರು ಅದಕ್ಕೊಂದು ದಾರಿ ಕಂಡುಕೊಂಡರು. ಹತ್ತಿರದವರು ಯಾರಾದರೂ ತಮ್ಮ ಟ್ಯಾಂಕಿನ ಕೊಳವೆಯನ್ನು ಸತ್ತವರ ಉಡುಪಿಗೆ ಜೋಡಿಸಿ ಒಂದು ಉಸಿರು ಬಿಡಬೇಕು. ಬರಿಗಂಟಲಲ್ಲಿ ಹೋಗಬಾರದು. ಗಾಳಿ ದಂಡವೆಂದು ಕಂಪನಿ ಇದನ್ನು ನಿಷೇಧಿಸಿದ ಮೇಲೆ ಕದ್ದುಮುಚ್ಚಿ ನಡೆಯಿತು, ಆಮೇಲೆ ನಿಂತೇಹೋಯಿತು. ಬೇರೆ ಬೇರೆ ಗಣಿಗಳಿಂದ ಬಂದ ಹೊಸ ತಂಡದವರಿಗೆ ಇದು ಗೊತ್ತೇ ಇರಲಿಲ್ಲ.

ಮೌನೇಶ ಆ ಚಿತ್ರವನ್ನು ಎತ್ತಿಕೊಂಡು ತಿರುಗಿಸಿಟ್ಟ. ಉಸಿರುಗಳ್ಳಿ ಸತ್ತವರ ಪಕ್ಕ ಮೊಣಕಾಲೂರಿ, ತನ್ನ ಕೊಳವೆಯನ್ನು ಹೆಣಕ್ಕೆ ಜೋಡಿಸಿ, ಉಳಿದ ಉಸಿರನ್ನು ಹೀರುತ್ತಾಳೆ.

ಆ ದಿನ ಆಟದ ಮನೆಯಲ್ಲಿ ಎದೆಗಳು ಹಿಂದೆಂದೂ ಬಡಿಯದಷ್ಟು ಬಡಿದವು. ದಂಡನಾಯಕನ ಪಾತ್ರದಲ್ಲಿದ್ದ ಅಂಬ್ರೇಶ ಕಬ್ಬಿಣದ ಹಾರೆ ಎತ್ತಿ ಕಳ್ಳಿಯ ತಲೆಗೆ ಹೊಡೆದ. ಬಿದ್ದ ಮೇಲೂ ಹೊಡೆದ. ಶಿರಸ್ತ್ರಾಣದ ಗಾಜು ಒಡೆದು, ಒಳಗಿದ್ದದ್ದು ಕೆಂಪು ಮುದ್ದೆಯಾಗುವವರೆಗೆ ಹೊಡೆದ. ಜನ ಎದ್ದು ನಿಂತು, "ಇನ್ನೊಂದು! ಇನ್ನೊಂದು!" ಎಂದು ಕೂಗಿದರು. ಟೋಪಿ ತೆಗೆದಾಗ ಅಂಬ್ರೇಶನ ಮುಖದಲ್ಲಿ ನಗೆಯಿತ್ತು. ಮೌನೇಶನ ಭುಜ ಹಿಡಿದು ಅಲುಗಾಡಿಸಿ, "ತಲೆ ಹಗುರಾತೋ ಯಜಮಾನಾ. ಸುಳ್ಳಲ್ಲ, ತಲಿನೋವ ಹೋತು!" ಎಂದ.

ಹುಲಿಗೆವ್ವನ ಕೋಣೆಯಲ್ಲಿ ಅಂಬ್ರೇಶನ ಹೆಂಡತಿ ಶಿವಗಂಗಿ ಹಣೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಒರಗಿದ್ದಳು. ಗಣಿಯಲ್ಲಿ ಅವಳದೂ ಹುಲಿಗೆವ್ವನದೂ ಒಂದೇ ಸುರಂಗ. ಹುಲಿಗೆವ್ವ ಕಾವಲಿಯ ಮೇಲೆ ರೊಟ್ಟಿ ತಿರುವುತ್ತಿದ್ದಳು. ಹಿಟ್ಟು ಜೋಳದ್ದಲ್ಲ, ತೊಟ್ಟಿಯಲ್ಲಿ ಬೆಳೆದ ಪಾಚಿಯದು. ಬಡಿಯುವ ಕೈ ಮಾತ್ರ ಹಳೆಯದೇ.

"ನಿನ್ ಗಂಡ ಎಲ್ಲೇ?"

"ಎಲ್ಲಿರ್ತಾನ? ದೆವ್ವ ಹೊಡಿಯಾಕ ಹೋಗ್ಯಾನ" ಎಂದಳು ಶಿವಗಂಗಿ. "ಮನ್ಯಾಗ ಒಂದ್ ಕೊಡ ಎತ್ತಂದ್ರ ಸೊಂಟಾ ನೋವಂತೈತಿ ಆ ಮುಖಕ್ಕ. ಅಲ್ಲಿ ಹಾರಿ ಬೀಸ್ತಾನಂತ, ಹಾರಿ!"

ಮೂಲೆಯಲ್ಲಿ ಉಣ್ಣುತ್ತಿದ್ದ ಮೌನೇಶ ನಕ್ಕ. "ಭಾರಿ ಬೀಸ್ತಾನವ್ವಾ. ನೀನೂ ಬಂದು ನೋಡು ಒಮ್ಮಿ."

ಹುಲಿಗೆವ್ವ ರೊಟ್ಟಿಯನ್ನು ಅವನ ತಟ್ಟೆಗೆ ಎಸೆದಳು. "ನಗಬ್ಯಾಡ ಮೂಳಾ. ಹತ್ತು ಹೆಂಗಸರು ನನ್ನ ಕೂಡ ಬರ್ತೀವಿ ಅಂದಿದ್ರು, ಆ ಎಂಜಿನೇರನ ಬಾಗಿಲಿಗೆ. ಈಗ ಕರದ್ರ, 'ಪೀಪಾಯಿದ್ದಲ್ಲಕ್ಕಾ, ಕಳ್ಳಿದ ಕಾಟ' ಅಂತಾರ. ಒಬ್ಬಾಕಿ ಬಾಗಿಲಿಗೆ ಬೂದಿ ಬಳದಾಳ. ಸತ್ತ ಹೆಂಗಸಿಗೆ ಹೆದರೋ ಮಂದಿ ಬದುಕಿದ್ದ ಗಂಡಸಿಗೆ ಬಾಯಿ ಮಾಡ್ತಾರೇನು?"

"ಆಟಕ್ಕಾ, ಅದು ಆಟ."

"ಆಟ ಆದ್ರ ಬೂದಿ ಯಾಕ?"

ಮೌನೇಶ ಉಳಿದ ರೊಟ್ಟಿಯನ್ನು ಬಾಯಿಗೆ ತುರುಕಿಕೊಂಡ. ಅಕ್ಕ ಎಂದೂ ಆಟದ ಮನೆಗೆ ಕಾಲಿಟ್ಟವಳಲ್ಲ. ಕಳ್ಳಿಗೆ ತಾನು ಕೊಟ್ಟ ಗುರುತು ಅವಳಿಗೆ ಗೊತ್ತಿಲ್ಲವೆಂದು ಒಳಗೇ ಸಮಾಧಾನಪಟ್ಟು ತಟ್ಟೆ ತೊಳೆದ.

"ನಾಳಿ ನಾ ಬರ್ತೀನಿ ತಗೋ ನಿನ್ನ ಕೂಡ" ಎಂದಳು ಶಿವಗಂಗಿ ಕಣ್ಣು ಮುಚ್ಚಿಕೊಂಡೇ. "ಇಬ್ಬರೇ ಆದ್ರ ಇಬ್ಬರೇ. ಪಾಳಿ ಮುಗಿಸಿ ಹಂಗ ಹೋಗೋಣು."

ಪಾಳಿ ಮುಗಿಯಲಿಲ್ಲ. ಉಡುಪಿನ ಟ್ಯಾಂಕುಗಳನ್ನೂ ತುಂಬುತ್ತಿದ್ದದ್ದು ಅದೇ ಸತ್ತ ಗಾಳಿಯೇ. ಸುರಂಗದ ಕೊನೆಯಲ್ಲಿ ಶಿವಗಂಗಿ ಕೊರೆಯುವ ಯಂತ್ರದ ಮೇಲೆ ತಲೆಯಿಟ್ಟು ಮಲಗಿದಂತೆ ಕೂತಳು. ಹುಲಿಗೆವ್ವ ಬಂದು ಅಲುಗಾಡಿಸಿದಾಗ ಪಕ್ಕಕ್ಕೆ ವಾಲಿದಳು. ಗಾಜಿನೊಳಗೆ ತುಟಿ ನೀಲಿಗಟ್ಟಿತ್ತು. ಹುಲಿಗೆವ್ವ ಎಳೆದಳು, ಗುದ್ದಿದಳು, ಶಿರಸ್ತ್ರಾಣಕ್ಕೆ ತನ್ನ ಶಿರಸ್ತ್ರಾಣ ತಾಗಿಸಿ ಒಳಗಿನ ಮೂಳೆ ನಡುಗುವಂತೆ ಕಿರುಚಿದಳು. ಶಿವಗಂಗಿ ಹೋಗಿಬಿಟ್ಟಿದ್ದಳು.

ಆಗ ಹುಲಿಗೆವ್ವ ತನ್ನ ತಾಯಿಗೆ ಮಾಡಿದ್ದನ್ನೇ ಗೆಳತಿಗೂ ಮಾಡಿದಳು. ಮೊಣಕಾಲೂರಿ, ಟ್ಯಾಂಕಿನ ಕೊಳವೆ ಬಿಚ್ಚಿ ಶಿವಗಂಗಿಯ ಉಡುಪಿಗೆ ಜೋಡಿಸಿದಳು. "ತಗೋ ನನ್ನವ್ವಾ. ಬರಿಗಂಟಲಾಗ ಹೋಗಬ್ಯಾಡ" ಎಂದು ಒಂದು ಉಸಿರು ಬಿಟ್ಟಳು.

ಶಿವಗಂಗಿ ಬಿದ್ದದ್ದನ್ನು ಕಂಡ ಜೊತೆಗಾರರಿಂದ ಸುದ್ದಿ ಕೇಳಿ ಅವರ ಜೊತೆ ಓಡಿಬಂದ ಅಂಬ್ರೇಶ ಸುರಂಗದ ತಿರುವಿನಲ್ಲಿ ನಿಂತದ್ದು ಆ ಗಳಿಗೆಯಲ್ಲಿ. ಅವನ ಹೆಂಡತಿ ಸತ್ತು ಬಿದ್ದಿದ್ದಾಳೆ. ಪಕ್ಕದಲ್ಲಿ ಒಬ್ಬ ಹೆಂಗಸು ಮೊಣಕಾಲೂರಿದ್ದಾಳೆ. ಅವಳ ಕೊಳವೆ ಹೆಣದ ಎದೆಗೆ ನೆಟ್ಟಿದೆ. ದೀಪ ಹಿಂದಿನಿಂದ ಬೀಳುತ್ತಿದ್ದುದರಿಂದ ಗಾಜಿನಲ್ಲಿ ಮುಖ ಕಾಣುತ್ತಿಲ್ಲ.

ಅವನು ಇದನ್ನು ಎಷ್ಟು ಸಲ ನೋಡಿದ್ದನೋ! ನೋಡಿದಾಗೆಲ್ಲ ಏನು ಮಾಡಬೇಕೆಂಬುದೂ ಕೈಗೆ ರೂಢಿಯಾಗಿತ್ತು. ಗೋಡೆಗೆ ಒರಗಿಸಿದ್ದ ಹಾರೆ ಎತ್ತಿಕೊಂಡ. ಮೊದಲ ಏಟಿಗೆ ಹುಲಿಗೆವ್ವನ ಭುಜದ ಮೂಳೆ ಮುರಿಯಿತು. ಎರಡನೆಯದು ಗಾಜಿಗೆ ಬೀಳುವ ಮೊದಲು ಉಳಿದವರು ಅವನನ್ನು ಹಿಡಿದರು. ಉಳಿಸಲು ಹಿಡಿದದ್ದಲ್ಲ. ಶಿರಸ್ತ್ರಾಣಗಳ ರೇಡಿಯೊದಲ್ಲಿ ಒಬ್ಬ ಕೂಗಿದ.

"ಇಲ್ಲಿ ಬ್ಯಾಡೋ! ಬಾಗಿಲಾಚಿ ಒಗೀಬೇಕು! ಬಾಗಿಲಾಚಿ ಒಗದ್ರನ ಸಾಯ್ತಾಳ!"

ಅದು ಆಟದ ನಿಯಮ; ಹಾರೆಗೆ ಸತ್ತ ಕಳ್ಳಿ ಮರುದಿನ ಮತ್ತೆ ಎದ್ದು ಬರುತ್ತಿದ್ದಳು.

ಕೂಲಿಯವರ ಅಂತಸ್ತಿನ ಹೊರಬಾಗಿಲ ಕೋಣೆಗೆ ಅವಳನ್ನು ಮುರಿದ ಭುಜದ ಕೈ ಹಿಡಿದೇ ಎಳೆದು ತಂದರು. ಶಿರಸ್ತ್ರಾಣ ಕಿತ್ತುಹಾಕಿದರು. ಮಂದಿ ಒತ್ತಿ ನಿಂತಿತ್ತು. ಒಳಬಾಗಿಲು ಮುಚ್ಚಿ ಹೊರಬಾಗಿಲು ತೆರೆದರೆ ಮುಗಿಯಿತು. ಉಡುಪಿದ್ದರೂ ತಲೆ ಬರಿದು. ಒಬ್ಬಳು ಅವಳ ಮುಖಕ್ಕೆ ಉಗಿದಳು. ಇನ್ನೊಬ್ಬಳು ಕೂದಲು ಹಿಡಿದು ತಲೆಯನ್ನು ಗೋಡೆಗೆ ಜಪ್ಪಿ, "ನನ್ ಕೂಸಿನ ಉಸಿರು ಕೊಡ! ಎಲ್ಲಿಟ್ಟೀಯೇ ರಂಡೀ, ಕೊಡ!" ಎಂದು ಅಳುತ್ತ ಅಳುತ್ತ ಜಪ್ಪಿದಳು. ಆ ಅಳು ನಿಜವಾದದ್ದು. ಕೂಸು ಸಾಯುತ್ತಿದ್ದದ್ದೂ ನಿಜವೇ.

ಮೊದಲ ತಂಡದ ಮುದುಕರು ಇಬ್ಬರು ಮೂವರು ಗುಂಪಿನಲ್ಲಿದ್ದರು. ಅವರಿಗೆ ಆ ಕೊಳವೆಯ ಅರ್ಥ ಗೊತ್ತಿತ್ತು. ಬಾಯಿ ಬಿಟ್ಟರೆ ತಾವೂ ಒಂದು ಕಾಲಕ್ಕೆ ಹೆಣಕ್ಕೆ ಕೊಳವೆ ಜೋಡಿಸಿದ್ದು ಬಯಲಾಗುತ್ತದೆಂದು ನೆಲ ನೋಡುತ್ತಿದ್ದರು.

ಮೌನೇಶ ಕುಂಟುತ್ತ, ಜನರನ್ನು ತಳ್ಳುತ್ತ ಒಳಗೆ ನುಗ್ಗಿದ. "ಬಿಡ್ರೋ! ನಮ್ಮಕ್ಕನ್ನ ಬಿಡ್ರೋ! ಕಳ್ಳಿ ಇಲ್ಲ! ನಾ ಕಟ್ಟಿದ್ದು ಅದು, ನನ್ನ ಬಾಯಿಲೆ ಕಟ್ಟಿದ್ದು!"

"ನೀ ಕಟ್ಟಿದ್ದಾದ್ರ ನನ್ನ ಕಣ್ಣಿಗೆ ಹ್ಯಾಂಗ ಕಂಡಿತು?" ಎಂದ ಅಂಬ್ರೇಶ. ಅವನ ದನಿ ತಣ್ಣಗಿತ್ತು. "ನಾ ನೋಡೀನಿ. ನನ್ ಹೇಣ್ತಿ ಎದಿಗೆ ಕೊಳವಿ ಹಾಕಿದ್ಲು."

"ಅದು ಉಸಿರು ಬಿಡೋದೋ! ಬಾಯಿಗೆ ನೀರು ಬಿಟ್ಟಂಗ! ನಮ್ಮವ್ವ ಸತ್ತಾಗ ಅಕ್ಕ ಹಂಗ ಮಾಡಿದ್ದು ನೋಡೇ ನಾ ಕಳ್ಳಿಗೆ ಆ ಗುರುತು ಇಟ್ಟಿದ್ದು!"

ಕೂದಲು ಹಿಡಿದಿದ್ದವಳು ಜಪ್ಪುವುದನ್ನು ನಿಲ್ಲಿಸಿದಳು. ನಂಬಿದರು ಎಂದುಕೊಂಡ ಮೌನೇಶ. ಆಗ ಹಿಂದಿನಿಂದ ಒಬ್ಬಳು ಚೀರಿದಳು.

"ಕೇಳಿದ್ರೇನು? ಹೆತ್ತವ್ವಂದೂ ಕುಡದಾಳ!"

ಗುಂಪು ಹೌಹಾರಿತು. ಮೌನೇಶ ಇಷ್ಟು ದಿನ ಸುಳ್ಳು ಹೇಳಿದಾಗ ನಂಬಿದವರು ಈಗ ನಿಜ ಹೇಳಿದರೆ ಅದನ್ನೂ ಸುಳ್ಳಿನ ಹೊಟ್ಟೆಗೇ ಹಾಕಿಕೊಳ್ಳುತ್ತಿದ್ದರು. "ಕಳ್ಳಿ ಇವನ ಬಾಯಾಗ ಕುಂತು ಮಾತಾಡ್ತೈತಿ" ಎಂದ ಯಾರೋ. "ಬಾಯಿ ಮುಚ್ಚಸ್ರಿ!"

ಹಾರೆಯ ತುದಿ ಮೌನೇಶನ ದವಡೆಗೆ ಬಿತ್ತು. ಹಲ್ಲುಗಳು ಲೋಹದ ನೆಲದ ಮೇಲೆ ಚೆಲ್ಲಿದವು. ಬಿದ್ದವನ ಮೇಲೆ ಬೂಟುಗಳು ಬಿದ್ದವು. ಏನೋ ಹೇಳಲು ನೋಡಿದ, ದವಡೆ ಒಂದು ಕಡೆ ಜೋತುಬಿದ್ದು ರಕ್ತದ ಗುಳ್ಳೆಗಳಷ್ಟೇ ಬಂದವು.

ಹುಲಿಗೆವ್ವ ತಮ್ಮನನ್ನು ನೋಡಿದಳು. ಅವನು ಏನು ಮಾಡಿದ್ದಾನೆಂದು ಅವಳಿಗೆ ಈಗಷ್ಟೇ ತಿಳಿದಿತ್ತು. ಅದಕ್ಕೆ ಸಿಟ್ಟಾಗಲು ಹೊತ್ತಿರಲಿಲ್ಲ. ಇನ್ನು ನಾಲ್ಕು ಒದೆ ಬಿದ್ದರೆ ಅವನು ಉಳಿಯುವುದಿಲ್ಲ, ಆಮೇಲೆ ತನ್ನ ಸರದಿ, ಆಮೇಲೆ ಇವರೆಲ್ಲರ ಕೂಸುಗಳ ಸರದಿ. ಇವರಿಗೆ ನಿಜ ಕೇಳುವ ಕಿವಿ ಇಲ್ಲ. ಕೇಳುವುದು ಒಂದೇ ಕಥೆ. ಸರಿ.

"ಹೌದು!" ಎಂದು ಕೂಗಿದಳು. "ನಾನ ಕಳ್ಳಿ! ಅವನ್ನ ಬಿಡ್ರಿ!"

ಬೂಟುಗಳು ನಿಂತವು. ಅವಳ ಕೂದಲು ಹಿಡಿದಿದ್ದವಳು ಸುಟ್ಟವಳಂತೆ ಕೈ ಬಿಟ್ಟು ಹಿಂದೆ ಸರಿದಳು.

"ಒಗೀರಿ ನನ್ನ ಹೊರಗ. ಒಗದ್ರ ನಾ ಕದ್ದದ್ದೆಲ್ಲ ನನ್ನ ಜೋಡಿ ಹೋಗ್ತೈತಿ. ನಿಮ್ಮ ಮಕ್ಕಳದು, ನಿಮ್ಮ ಮುದುಕರದು, ಶಿವಗಂಗಿದು. ಬೇಕಂದ್ರ ಎಲ್ಲಿ ಬಚ್ಚಿಟ್ಟೀನಿ ತೋರಸ್ತೀನಿ. ಬರ್ರಿ ನನ್ನ ಹಿಂದ."

ಯಾರೂ ಅವಳನ್ನು ಮುಟ್ಟಲಿಲ್ಲ. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಮುರಿದ ಭುಜವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅವಳು ನಡೆದಳು. ಹಿಂದೆ ಅಂಬ್ರೇಶ, ಅವನ ಹಿಂದೆ ಹಾರೆ, ಸಲಾಕೆ, ಸುತ್ತಿಗೆ ಹಿಡಿದ ಇಡೀ ಕೆಳಗಿನ ಅಂತಸ್ತು.

ಮೇಲಂತಸ್ತಿನ ಮೆಟ್ಟಿಲ ಬುಡದಲ್ಲಿ ಕಾವಲಿಗಿದ್ದವನು ಗಿಡ್ಡ ಬಸ್ಯಾ. ಅವನೂ ಕೆಳಗಿನವನೇ, ಅವರ ಜೊತೆ ಕೂತು ಗವಿಯಾಟ ಆಡುವವನೇ. ವಿದ್ಯುತ್ ಕೋಲು ಹಿಡಿದು ಅಡ್ಡ ನಿಂತ. "ಹುಲಿಗೆಕ್ಕಾ, ಏನಿದು? ಎಲ್ಲಿಗೆ ಮೆರವಣಿಗಿ? ಪಾಸಿಲ್ಲದ ಬಿಡಾಂಗಿಲ್ಲ ನೋಡ್ರಪಾ, ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ" ಎಂದು ಅರ್ಧ ನಗುತ್ತ ಅಂದ.

"ಕಳ್ಳಿ ಕಾವಲಿನವ!" ಎಂದು ಯಾರೋ ಕೂಗಿದರು.

"ಅಲ್ರೋ, ಅವ ಬಸ್ಯಾ!" ಎಂದು ಹುಲಿಗೆವ್ವ ತಿರುಗಿದಳು. ಆದರೆ ಅವಳು ಈಗ ಕಳ್ಳಿ. ಕಳ್ಳಿ ಬೇಡ ಅಂದವನನ್ನು ಹೊಡೆಯಲೇಬೇಕು. ಬಸ್ಯಾ ಕೋಲು ಬೀಸಿದ. ಒಬ್ಬ ಬಿದ್ದ. ಮರುಗಳಿಗೆಗೆ ಸುತ್ತಿಗೆಯೊಂದು ಅವನ ಕಿವಿಯ ಮೇಲೆ ಕೂತಿತು. "ನಾ ಬಸ್ಯಾಪೋ… ನಮ್ಮ ಪೈಕಿಯವ…" ಎನ್ನುತ್ತಿದ್ದವನ ಮೇಲೆ ಜನ ಹತ್ತಿ ಹೋದರು. ತಲೆ ಮೆಟ್ಟಿಲ ಅಂಚಿಗೆ ಬಡಿದು ಬಡಿದು ಆಕಾರ ಕಳೆದುಕೊಂಡಿತು. ಕೈಬೆರಳುಗಳು ಕೊಂಚ ಹೊತ್ತು ಏನನ್ನೋ ಎಣಿಸುವಂತೆ ಆಡಿ ನಿಂತವು.

ಅವನ ಜೇಬಿನ ಬೀಗದ ಕೈ ಕಿತ್ತುಕೊಂಡು ಅಂಬ್ರೇಶ ಬಾಗಿಲು ತೆಗೆದ. ಹುಲಿಗೆವ್ವ ಬಸ್ಯಾನನ್ನು ದಾಟಲು ಕಾಲೆತ್ತಬೇಕಾಯಿತು. ಅವಳ ಪಾದ ಅವನ ರಕ್ತದಲ್ಲಿ ಜಾರಿತು. ತನ್ನನ್ನು ಉಳಿಸಿದ ಮಾತೇ ಇವನನ್ನು ಕೊಂದಿತು ಎಂಬುದು ಅವಳ ಮುರಿದ ಭುಜಕ್ಕಿಂತ ಆಳಕ್ಕೆ ಇಳಿಯಿತು.

ಬಾಗಿಲಾಚೆ ಕಾಲಿಟ್ಟವರು ಒಬ್ಬೊಬ್ಬರಾಗಿ ನಿಂತುಬಿಟ್ಟರು. ಗಾಳಿ. ತಂಪು, ಹಗುರ, ಹಸಿ ಸೊಪ್ಪಿನ ವಾಸನೆಯ ಗಾಳಿ. ಒಬ್ಬಳು ಗೋಡೆ ಹಿಡಿದು ಎದೆ ತುಂಬ ಎಳೆದುಕೊಂಡಳು, ಕಣ್ಣಲ್ಲಿ ನೀರು ಬಂತು. ಅಧಿಕಾರಿಗಳ ಮನೆಯ ಕಿಟಕಿಯಿಂದ ಕೆಂಪು ಕೆನ್ನೆಯ ಮಗುವೊಂದು ನೋಡುತ್ತಿತ್ತು. ಯಾರೋ ಅದನ್ನು ಒಳಗೆ ಎಳೆದುಕೊಂಡರು.

ನಿಯಂತ್ರಣ ಕೊಠಡಿಯ ಬಾಗಿಲು ಸಲಾಕೆಗೆ ಬಿರಿಯಿತು. ನಿರಂಜನ ಮೇಜಿನ ಹಿಂದೆ ನಿಂತಿದ್ದ, ಕೈಯಲ್ಲಿ ಕೆಳಗಿನ ಕೋಣೆಗಳಿಗೆಲ್ಲ ಮಾತು ಮುಟ್ಟಿಸುವ ಫೋನು. ಅಂಬ್ರೇಶ ಅವನ ಕೊರಳಪಟ್ಟಿ ಹಿಡಿದು ಮೇಜಿನ ಮೇಲಿಂದಲೇ ಎಳೆದ. ಮುಖ ಗಾಜಿನ ಫಲಕಕ್ಕೆ ಹೊಡೆದು ಮೂಗು ಒಡೆಯಿತು.

"ಇಲ್ಲೈತಿ! ಉಸಿರೆಲ್ಲ ಇಲ್ಲೇ ಬಚ್ಚಿಟ್ಟಾರ! ಇವನೂ ಕಳ್ಳ! ಇಬ್ಬರ್ನೂ ಕೂಡಿ ಒಗೀರಿ!" ಎಂದು ಗುಂಪು ಕೂಗಿತು.

ನಿರಂಜನ ಓದಿದವನು. ಒಂದು ಗಳಿಗೆಯಲ್ಲಿ ಲೆಕ್ಕ ಹಾಕಿ, ರಕ್ತ ಉಗಿಯುತ್ತ ಬೆರಳು ಚಾಚಿದ. "ಅವಳು! ಆ ಹೆಂಗಸು! ನಾನೇ ನೋಡಿದ್ದೀನಿ ಕ್ಯಾಮೆರಾದಲ್ಲಿ, ಹೆಣದ ಉಸಿರು ಕುಡೀತಿದ್ಲು! ಮೊದಲು ಅವಳನ್ನ ಹಾಕಿ ಹೊರಗೆ!"

ಮತ್ತೆ ಎಲ್ಲ ಕಣ್ಣುಗಳು ಹುಲಿಗೆವ್ವನ ಕಡೆ ತಿರುಗಿದವು. 'ಹೌದು, ಇವನು ನನ್ನ ಜೊತೆಗಾರ' ಎಂದು ಒಂದು ಮಾತು ಅಂದರೆ ಸಾಕು, ನಿರಂಜನನನ್ನು ಇವರು ಹರಿದುಹಾಕುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಕೆಳಗೆ ನೋಡಿಕೊಂಡಳು. ಬಸ್ಯಾನ ರಕ್ತ ಅವಳ ಹೆಜ್ಜೆಯ ಜೊತೆಗೆ ಇಲ್ಲಿಯ ಬಿಳಿ ನೆಲಕ್ಕೂ ಬಂದಿತ್ತು.

"ನಾ ಸುಳ್ಳು ಹೇಳ್ದೆ" ಎಂದಳು. "ನನ್ನ ತಮ್ಮನ್ನ ಉಳಸಾಕ ಹೇಳ್ದೆ. ಕಳ್ಳಿ ಇಲ್ಲ. ನಾನೂ ಅಲ್ಲ, ಇವನೂ ಅಲ್ಲ."

"ಮತ್ತ ಬಸ್ಯಾ?" ಎಂದ ಸುತ್ತಿಗೆ ಹಿಡಿದವನು.

"ಬಸ್ಯಾನ್ನ ನಾವು ಕೊಂದಿವಿ. ನನ್ನ ಮಾತು, ನಿಮ್ಮ ಕೈ." ಅವಳು ನಿರಂಜನನ ಹತ್ತಿರ ಹೋಗಿ ಒಳ್ಳೆಯ ಕೈಯಿಂದ ಅವನ ಮಣಿಕಟ್ಟು ಹಿಡಿದು ಗೋಡೆಯ ಚಕ್ರಗಳ ಸಾಲಿಗೆ ಎಳೆದಳು. "ಕೆಳಗಿನ ಕೊಳವಿದು ಯಾವುದು?"

ಅವನು ಕೈ ಬಿಡಿಸಿಕೊಳ್ಳಲು ನೋಡಿದ. ಅಂಬ್ರೇಶನ ಹಾರೆ ಮೇಲೆದ್ದಿತು. ಹುಲಿಗೆವ್ವ ತನ್ನ ಬೆನ್ನನ್ನು ಆ ಹಾರೆಗೆ ಕೊಟ್ಟು ನಿಂತಳು. "ಹೇಳು. ಯಾವುದು?"

"ಎಡಗಡೆದು" ಎಂದ ನಿರಂಜನ. "ಮುಕ್ಕಾಲು ಮುಚ್ಚಿದೆ. ಪುಡಿ ಸತ್ತು ಹೋಗಿದೆ, ಹೊಸದನ್ನ ಬೇರೆ ಗಣಿಗೆ ಕಳಿಸಿಬಿಟ್ರು. ಇರೋದು ಎಲ್ಲರಿಗೂ ಸಾಲಲ್ಲ. ಅದನ್ನ ತೆಗೆದ್ರೆ ಮೇಲಿನವರಿಗೂ ತಲೆನೋವು ಶುರುವಾಗುತ್ತೆ. ನನ್ನ ಮಗಳಿದಾಳೆ ಇಲ್ಲಿ, ಅರ್ಥ ಮಾಡ್ಕೊಳ್ಳಿ."

"ಅರ್ಥ ಆತು. ತಿರುವು. ನಿನ್ನ ಕೈಲೆ ತಿರುವು. ಇವರೆಲ್ಲ ನೋಡ್ಲಿ, ಕದ್ದ ಕೈ ಹೆಂಗಿರ್ತೈತಿ ಅಂತ. ಅದಕ್ಕ ಐದು ಬೆರಳ ಅದಾವು, ಉಗುರ ಅದಾವು, ಒಂದು ಉಂಗುರ ಐತಿ."

ನಿರಂಜನ ಚಕ್ರ ತಿರುವಿದ. ಗೋಡೆಯೊಳಗೆ ಏನೋ ಗೊರಗುಟ್ಟಿ, ಕೊಳವೆಗಳು ನಡುಗಿದವು. ಮೇಜಿನ ಮೇಲೆ ಬಿದ್ದಿದ್ದ ಫೋನಿನಿಂದ, ಕೆಳಗೆ ಕೂಸುಗಳ ಜೊತೆ ಉಳಿದಿದ್ದ ಹೆಂಗಸರ ಕೂಗು ಕೇಳಿಸಿತು. ಮೊದಲು ಹೆದರಿಕೆ. ಆಮೇಲೆ ಒಬ್ಬಳ ದನಿ, "ಬಂತು! ತೂತಿನಾಗಿಂದ ಗಾಳಿ ಬಂತ್ರೇ! ಕೂಸ್ನ ಇತ್ತ ತಗೊಂಬಾ!"

ಕೊಠಡಿಯಲ್ಲಿ ಯಾರೂ ಕೇಕೆ ಹಾಕಲಿಲ್ಲ. ಸುತ್ತಿಗೆಯವನು ಸುತ್ತಿಗೆ ಬಿಟ್ಟು ತನ್ನ ಅಂಗೈಗಳನ್ನು ಉಡುಪಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಅಂಬ್ರೇಶ ಮಾತ್ರ ಹಾರೆ ಎತ್ತಿಯೇ ನಿಂತಿದ್ದ. ಕಳ್ಳಿ ಇದ್ದಿದ್ದರೆ ಅವನು ಹೆಂಡತಿಯ ಸೇಡು ತೀರಿಸಿಕೊಂಡು ಮನೆಗೆ ಹೋಗಬಹುದಿತ್ತು. ಇಲ್ಲವೆಂದರೆ, ಅವಳು ನೋವೆಂದು ಹಣೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಾಗ ಅವನು ಎಲ್ಲಿದ್ದ?

"ಕಳ್ಳಿ ಇಲ್ಲಂದ್ರ ನಾ ಈಗ ಯಾರನ್ನ ಹೊಡೀಲಿ ಯಕ್ಕಾ?" ಎಂದ.

"ಮೊದ್ಲ ಅತ್ತುಬಿಡು" ಎಂದಳು ಹುಲಿಗೆವ್ವ. "ಆಮ್ಯಾಲ ಹೇಳ್ತೀನಿ."

ಅವನು ಕುಸಿದು ಕೂತ. ಹೊಟ್ಟೆಯ ತಳದಿಂದ ಶಿವಗಂಗಿಯ ಹೆಸರು ಹಿಡಿದು ಅತ್ತ. ಅಳಲು ಎಷ್ಟು ಉಸಿರು ಬೇಕೋ ಅಷ್ಟನ್ನೂ ಎಳೆದುಕೊಂಡು ಅತ್ತ. ಅವನ ಕೈಯಿಂದ ಜಾರಿದ ಹಾರೆಯನ್ನು ಹುಲಿಗೆವ್ವ ನೆಲಕ್ಕೆ ಬೀಳಗೊಡದೆ ಹಿಡಿದಳು.

ನಿರಂಜನ ಗೋಡೆಗೆ ಅಂಟಿಕೊಂಡಿದ್ದ. ಅವಳು ಹಾರೆಯನ್ನು ಎತ್ತಲಿಲ್ಲ, ಬಿಡಲೂ ಇಲ್ಲ.

"ಪುಡಿ ಬ್ಯಾರೆ ಕಡೆ ಕಳಿಸಿದವರು ಯಾರು? ಚಕ್ರ ಮುಚ್ಚು ಅಂತ ನಿನಗ ಹೇಳಿದವರು ಯಾರು?"

"ಕಂಪನಿ…"

"ಕಂಪನಿ ಅನ್ನೋದೂ ದೆವ್ವನ. ನನಗ ಮನುಷ್ಯಾರ ಹೆಸರು ಬೇಕು."

ನಿರಂಜನ ಮುಖ ಒರೆಸಿಕೊಂಡು, ತಗ್ಗಿದ ದನಿಯಲ್ಲಿ ಒಂದು ಹೆಸರು ಹೇಳಿದ.

"ಜೋರಾಗಿ ಹೇಳು" ಎಂದಳು ಅವಳು, ಫೋನನ್ನು ಅವನ ಬಾಯಿಗೆ ಹಿಡಿದು. "ಕೆಳಗ ಕೇಳಂಗಿಲ್ಲ."